ಬಾಸ್ ಫೈಟ್‌ಗೆ ಉತ್ತರ ಬೇಡ, ಸುಳಿವು ಕೊಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಮಕ್ಕಳ ಪುಟದಲ್ಲಿ ಪೋಕೆಮಾನ್ ವಿಡಿಯೋ ಗೇಮ್ ಬಗ್ಗೆ ಬರಹ ಬಂದಿತ್ತು. ಪೋಕೆಮಾನ್ ಅನ್ನುವ ಪ್ರಾಣಿಗಳನ್ನು ಹಿಡಿದು, ಬೆಳೆಸಿ, ಬೇರೆಯವರ ಪೋಕೆಮಾನ್ ಜೊತೆ ಕಾದಾಡಿಸುವ ಆಟ ಅದು. ಜಿಮ್ ಅನ್ನುವ ಅಖಾಡಗಳಲ್ಲಿರುವ ಕಷ್ಟದ ಜಿಮ್ ಲೀಡರ್‌ಗಳನ್ನು, ಅಂದರೆ ಬಾಸ್‌ಗಳನ್ನು, ಸೋಲಿಸಲು ಯಾವ ಆರು ಪೋಕೆಮಾನ್ ಬೇಕು, ಯಾವುದು ಎಷ್ಟು ಲೆವೆಲ್ ಇರಬೇಕು ಅಂತ ಪಟ್ಟಿ ಕೊಟ್ಟಿದ್ದಿರಿ. ಇಂಥ ಆಟಕ್ಕೂ ಪತ್ರಿಕೆಯಲ್ಲಿ ಜಾಗ ಸಿಕ್ಕಿತಲ್ಲ ಅಂತ ಖುಷಿಯಾಯಿತು. ಪಟ್ಟಿ ಓದಿ ಮುಗಿಸುವಷ್ಟರಲ್ಲಿ ಬೇಜಾರೂ ಆಯಿತು. ಯಾಕೆ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳಬೇಕು.

ನನ್ನ ಅಕ್ಕನ ಮಗನಿಗೆ ಈಗ 11 ವರ್ಷ. ಕೈಯಲ್ಲಿ ಹಿಡಿದು ಆಡುವ ನನ್ನ ಹಳೆಯ ಗೇಮ್ ಬಾಯ್ ಕಲರ್ ಯಂತ್ರ, ಜೊತೆಗೆ ಪೋಕೆಮಾನ್ ಗೋಲ್ಡ್ ಆಟ, ಎರಡೂ ಈಗ ಅವನದೇ. ಜಪಾನಿನಲ್ಲಿ 1999ರಲ್ಲಿ ಬಂದ ಆಟ. ಆಡಿದ್ದನ್ನು ನೆನಪಿಟ್ಟುಕೊಳ್ಳುವ ಪುಟ್ಟ ಬ್ಯಾಟರಿ ಸತ್ತುಹೋಗಿತ್ತು, ಹೊಸದು ಹಾಕಿಸಿ ಕೊಟ್ಟೆ. ಮೊದಲ ಎರಡು ಜಿಮ್ ಸಲೀಸಾಗಿ ಗೆದ್ದ. ಮೂರನೆಯದರಲ್ಲಿ ಲೀಡರ್ ವಿಟ್ನಿ ಸಿಕ್ಕಳು.

ಈ ಆಟ ಆಡಿದವರ ಮುಂದೆ ವಿಟ್ನಿಯ ಮಿಲ್ಟ್ಯಾಂಕ್ ಅಂದು ನೋಡಿ, ಎಲ್ಲರ ಬಳಿಯೂ ಒಂದು ಕಥೆ ಇರುತ್ತದೆ. ನೋಡಲು ಮುದ್ದಾದ ಗುಲಾಬಿ ಹಸು, ಲೆವೆಲ್ ಬರೀ 20. ಅದರ ಹತ್ತಿರ ರೋಲ್‌ಔಟ್ ಅನ್ನುವ ಏಟು ಇದೆ. ಉಂಡೆಯಾಗಿ ಉರುಳಿಕೊಂಡು ಬಂದು ಗುದ್ದುತ್ತದೆ. ಮೊದಲ ಸಲ ಅದರ ಬಲ 30. ಗುರಿ ತಪ್ಪದಿದ್ದರೆ ಆಮೇಲೆ 60, 120, 240, ಐದನೇ ಸಲ 480. ನಾವು ಪೋಕೆಮಾನ್ ಬದಲಿಸಿದರೂ ಆ ಲೆಕ್ಕ ನಿಲ್ಲುವುದಿಲ್ಲ. ಹೊಸದಾಗಿ ಬಂದವನಿಗೆ ಇನ್ನೂ ಜೋರಾಗಿ ಬೀಳುತ್ತದೆ. ನಮ್ಮ ಹುಡುಗನ ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಮೊದಲ ಏಟಿಗೆ ನಕ್ಕ. ಎರಡನೆಯದಕ್ಕೆ ಸುಮ್ಮನಾದ. ಮೂರನೆಯದಕ್ಕೆ ಅವನ ಮೆಚ್ಚಿನ ಕ್ವಿಲಾವಾ ಬಿತ್ತು. ನಾಲ್ಕನೆಯದಕ್ಕೆ ಪಿಜಿಯೊಟ್ಟೊ ಬಂದಷ್ಟೇ ಬೇಗ ಹೋಯಿತು.

ಅವನು ಮೊದಲು ಮಾಡಿದ್ದು ನಿಮ್ಮ ಬರಹ ಹೇಳುವುದರಲ್ಲಿ ಅರ್ಧವನ್ನು, ಬರೀ ಲೆವೆಲ್ ಏರಿಸುವುದನ್ನು. ಎರಡು ದಿನ ಆಟದ ಹುಲ್ಲಲ್ಲಿ ಸುತ್ತಿ ಸುತ್ತಿ, ಅಲ್ಲಿ ಸಿಗುವ ಕಾಡು ಪೋಕೆಮಾನ್‌ಗಳ ಜೊತೆ ಹೊಡೆದಾಡಿ ಕ್ವಿಲಾವಾವನ್ನು 23ನೇ ಲೆವೆಲ್‌ಗೆ ಏರಿಸಿದ. ಹೋಗಿ ಮತ್ತೆ ಸೋತ. ಅಳು ಬಂದಿತ್ತು, ತೋರಿಸಲಿಲ್ಲ. ನನ್ನ ಬಾಯಿಯ ತುದಿಯಲ್ಲೇ ಉತ್ತರ ಇತ್ತು. ಅಷ್ಟರಲ್ಲಿ ಅವನೇ, "ಚಿಕ್ಕಮ್ಮ, ಹೇಳ್ಬೇಡ. ನಾನೇ ಕಂಡುಹಿಡೀತೀನಿ" ಅಂದ.

ಒಂದು ಹಳೇ ನೋಟ್‌ಬುಕ್ ತಗೊಂಡ. ಪುಟದ ಮಧ್ಯೆ ಸ್ಕೇಲ್ ಇಟ್ಟು ಗೆರೆ ಎಳೆದ. ಎಡಗಡೆ ಮಿಲ್ಟ್ಯಾಂಕ್ ಏನೇನು ಮಾಡಿತು, ಬಲಗಡೆ ನನಗೆ ಏನಾಯಿತು. ಮೂರನೇ ಸಲ ಹೋದದ್ದು ಗೆಲ್ಲಲಿಕ್ಕಲ್ಲ, ನೋಡಿ ಬರೆದುಕೊಳ್ಳಲಿಕ್ಕೆ. ಸೋಲುತ್ತಾ ಸೋಲುತ್ತಾ ಬರೆದ. ಈ ಆಟದಲ್ಲಿ ಪೋಕೆಮಾನ್‌ಗಳಿಗೂ ಏಟುಗಳಿಗೂ ಬೆಂಕಿ, ಕಲ್ಲು ಅಂತ ಜಾತಿ, ಅಂದರೆ ಟೈಪ್, ಇರುತ್ತದೆ. ರೋಲ್‌ಔಟ್ ಕಲ್ಲಿನ ಟೈಪಿನ ಏಟು. ಬೆಂಕಿಯ ಕ್ವಿಲಾವಾಗೂ, ಹಾರುವ ಪಿಜಿಯೊಟ್ಟೊಗೂ ಕಲ್ಲೇಟು ದುಪ್ಪಟ್ಟು ತಾಕುತ್ತದೆ. ಅಂದರೆ ಅವನು ಯಾರನ್ನು ಜಾಸ್ತಿ ಬೆಳೆಸಿದ್ದನೋ ಅವರೇ ಆ ಹಸುವಿಗೆ ಸುಲಭದ ತುತ್ತು! ಇನ್ನೊಂದು ಸಾಲಿಗೆ ಎರಡು ಸಲ ಅಡಿಗೆರೆ ಹಾಕಿದ್ದ: "ಗಂಡು ಪೋಕೆಮಾನ್ ಆದ್ರೆ ಮರುಳಾಗುತ್ತೆ." ಮಿಲ್ಟ್ಯಾಂಕ್ ಹೆಣ್ಣು. ಅದರ ಅಟ್ರಾಕ್ಟ್ ಅನ್ನುವ ಮೋಡಿಗೆ ಸಿಕ್ಕ ಗಂಡು ಪೋಕೆಮಾನ್ ಅರ್ಧಕ್ಕರ್ಧ ಸಲ ಏಟೇ ಕೊಡದೆ ನಿಂತುಬಿಡುತ್ತದೆ. ಹೆಣ್ಣಾದರೆ ಆ ತೊಂದರೆ ಇಲ್ಲ. ಇಷ್ಟು ಸಣ್ಣ ವಿಷಯವನ್ನು ಒಬ್ಬ ಹುಡುಗ ತಾನೇ ಗಮನಿಸಿ ಬರೆದುಕೊಂಡನಲ್ಲ, ನನಗೆ ಎಷ್ಟು ಹೆಮ್ಮೆಯಾಯಿತು ಅಂತ ಹೇಳಲಾರೆ.

ಆಮೇಲೆ ಶುರುವಾಯಿತು ನಿಜವಾದ ತಯಾರಿ. ಗುಹೆಗೆ ವಾಪಸ್ ಹೋಗಿ ಜಿಯೋಡ್ಯೂಡ್ ಹಿಡಿದ. ಕಲ್ಲು ಮತ್ತು ನೆಲ ಎರಡೂ ಟೈಪ್ ಇರುವ ಅದಕ್ಕೆ ರೋಲ್‌ಔಟ್ ಅರ್ಧವೇ ತಾಕುತ್ತದೆ, ಮಿಲ್ಟ್ಯಾಂಕ್‌ನ ಇನ್ನೊಂದು ಏಟಾದ ಸ್ಟಾಂಪ್ ಕೂಡ ಅರ್ಧವೇ. ವಿಟ್ನಿಯ ಊರಿನ ದೊಡ್ಡ ಅಂಗಡಿಯ 5ನೇ ಮಹಡಿಯಲ್ಲಿ ಒಬ್ಬ ನಿಂತಿರುತ್ತಾನೆ, ಡ್ರೌಜಿ ಅನ್ನುವ ಪೋಕೆಮಾನ್ ಕೊಟ್ಟರೆ ಮಚಾಪ್ ಅನ್ನುವುದನ್ನು ಕೊಡುತ್ತಾನೆ. ಮೊದಲು ಅವನನ್ನು ದಾಟಿಕೊಂಡು ಹೋಗಿದ್ದ ನಮ್ಮ ಹುಡುಗ ಈಗ ಓಡಿ ಹೋಗಿ ಡ್ರೌಜಿ ಹಿಡಿದು ತಂದ. ಆ ಮಚಾಪ್ ಕುಸ್ತಿಯ ಟೈಪ್, ಮಿಲ್ಟ್ಯಾಂಕ್‌ಗೆ ಅದರ ಏಟು ದುಪ್ಪಟ್ಟು. ಅದು ಹೆಣ್ಣು ಬೇರೆ. ಬದಲಿಗೆ ಸಿಕ್ಕ ಪೋಕೆಮಾನ್‌ಗಳಿಗೆ ಅನುಭವದ ಅಂಕ ಒಂದೂವರೆ ಪಟ್ಟು ಸಿಗುತ್ತದೆ, ಹಾಗಾಗಿ ಬೇಗ ಬೆಳೆಯಿತು. ಆಟ ಮಾಡಿದವರು ಬೀಗದ ಪಕ್ಕದಲ್ಲೇ ಕೀಲಿ ಇಟ್ಟಿದ್ದರು. ಹುಡುಕುವ ಕೆಲಸ ಮಾತ್ರ ನಮ್ಮದು.

ನಾಲ್ಕನೇ ಸಲ ಗೆದ್ದ. ನಡುವೆ ಮಿಲ್ಟ್ಯಾಂಕ್ ಹಾಲು ಕುಡಿದು ಅರ್ಧ ಜೀವ ತುಂಬಿಕೊಂಡಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಸೋತ ವಿಟ್ನಿ ಅಳಲು ಶುರುಮಾಡುತ್ತಾಳೆ, ಗೆದ್ದವರಿಗೆ ಸಿಗಬೇಕಾದ ಬ್ಯಾಡ್ಜ್ ತಕ್ಷಣ ಕೊಡುವುದಿಲ್ಲ. ಅದನ್ನು ನೋಡಿ, "ಪಾಪ, ನನಗೂ ಹಾಗೇ ಆಗಿತ್ತು" ಅಂದ.

ನಿಮ್ಮ ಪಟ್ಟಿ ಒಂದು ವಾರ ಮುಂಚೆ ಬಂದಿದ್ದರೆ ಅವನು ಹತ್ತು ನಿಮಿಷದಲ್ಲಿ ಗೆದ್ದು ಮುಂದೆ ಹೋಗುತ್ತಿದ್ದ. ಆ ನೋಟ್‌ಬುಕ್ ಇರುತ್ತಿರಲಿಲ್ಲ. ಈ ಆಟದಲ್ಲಿ ಬಾಸ್ ಜೊತೆಗಿನ ಹೊಡೆದಾಟ ನಾಲ್ಕೈದು ನಿಮಿಷದ ಮಾತು. ಸೋತ ಮೇಲೆ ಕೂತು ಯೋಚಿಸುವುದು, ಟೀಮ್ ಕಟ್ಟುವುದು, ಅದೇ ಆಟ. ಮುಂದಿನ ಆಟಗಳಲ್ಲಂತೂ ಇದು ಇನ್ನೂ ಜಾಸ್ತಿ. 2006ರ ಡೈಮಂಡ್ ಮತ್ತು ಪರ್ಲ್‌ನಲ್ಲಿ ಕೊನೆಯ ಬಾಸ್ ಆಗಿ ಸಿಂಥಿಯಾ ಬರುತ್ತಾಳೆ. ಅವಳ ಮುಂದೆ ನಿಲ್ಲುವ ಮೊದಲು ನಾಲ್ಕು ಜನರನ್ನು ಸಾಲಾಗಿ ಸೋಲಿಸಬೇಕು, ನಡುವೆ ಪೋಕೆಮಾನ್‌ಗಳನ್ನು ಗುಣಪಡಿಸುವ ಪೋಕೆಮಾನ್ ಸೆಂಟರ್ ಇಲ್ಲ, ಔಷಧಿ ಎಲ್ಲ ಮೊದಲೇ ಲೆಕ್ಕ ಹಾಕಿ ಒಯ್ಯಬೇಕು. ಅವಳ ಮೊದಲ ಪೋಕೆಮಾನ್ ಸ್ಪಿರಿಟೂಂಬ್‌ಗೆ ಆಗ ಯಾವ ಟೈಪಿನ ಏಟೂ ದುಪ್ಪಟ್ಟು ತಾಕುತ್ತಿರಲಿಲ್ಲ. 66ನೇ ಲೆವೆಲ್‌ನ ಗಾರ್ಚೊಂಪ್‌ಗೆ ಹಿಮದ ಏಟು ನಾಲ್ಕು ಪಟ್ಟು ತಾಕುತ್ತದೆ, ಆದರೆ ಏಟು ಕೊಡುವಷ್ಟು ಹೊತ್ತು ನಾವು ಉಳಿಯಬೇಕಲ್ವಾ? ನನಗೆ ಅವಳನ್ನು ಗೆಲ್ಲಲು ಒಂದು ಇಡೀ ರಜೆ ಬೇಕಾಯಿತು. ಆ ರಜೆ ಇವತ್ತಿಗೂ ನೆನಪಿದೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಪದಬಂಧದ ಉತ್ತರವನ್ನು ಪದಬಂಧದ ಜೊತೆಗೇ ಅಚ್ಚು ಹಾಕುವುದಿಲ್ಲ ನೀವು. ಇದನ್ನೂ ಹಾಗೇ ಮಾಡಿ. ಈ ವಾರ ಎದುರಾಳಿ ಯಾರು, ಅವರ ಏಟುಗಳೇನು, ಯಾವ ಟೈಪ್ ಅಂತ ಬರೆಯಿರಿ. "ಆಗಲೇ ದಾಟಿ ಬಂದ ಊರಲ್ಲೇ ಉತ್ತರ ಇದೆ" ಅನ್ನುವಂಥ ಒಂದು ಸುಳಿವು ಕೊಡಿ. ಮಕ್ಕಳು ತಮ್ಮ ಟೀಮ್ ಬರೆದು ಕಳಿಸಲಿ. ಮುಂದಿನ ವಾರ ಅದರಲ್ಲಿ ಮೂರೋ ನಾಲ್ಕೋ ಅಚ್ಚು ಹಾಕಿ. ಒಂದೇ ಬಾಸ್‌ಗೆ ಮಕ್ಕಳು ಎಷ್ಟು ಬೇರೆ ಬೇರೆ ದಾರಿ ಹುಡುಕುತ್ತಾರೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ.

ನಮ್ಮ ಹುಡುಗ ಈಗ ನಾಲ್ಕನೇ ಜಿಮ್‌ನಲ್ಲಿದ್ದಾನೆ. ಅಲ್ಲಿರುವುದು ದೆವ್ವದ ಟೈಪಿನ ಪೋಕೆಮಾನ್‌ಗಳು, ಕುಸ್ತಿಯ ಏಟು ಅವಕ್ಕೆ ತಾಕುವುದೇ ಇಲ್ಲ. ನಿನ್ನೆ ಮೊದಲ ಸಲ ಸೋತು ಬಂದ. ನೋಟ್‌ಬುಕ್‌ನಲ್ಲಿ ಹೊಸ ಪುಟ, ಮಧ್ಯೆ ಹೊಸ ಗೆರೆ. ಬಲಗಡೆ ಇಲ್ಲಿಯವರೆಗೆ ಒಂದೇ ಸಾಲಿದೆ: "ಮಚಾಪ್‌ಗೆ ರೆಸ್ಟ್."

ಇಂತಿ,
ನಿಮ್ಮ ಓದುಗರಲ್ಲೊಬ್ಬಳು