ದಾಳದ ಮೇಲಿನ ದೂರು

ನಮ್ಮ ಸಂಘದ ಸದಸ್ಯರು ಬೇರೆ ಬೇರೆ ಊರುಗಳಲ್ಲಿದ್ದುಕೊಂಡೇ ವಾರಾಂತ್ಯದಲ್ಲಿ ಪರದೆಯ ಮುಂದೆ ಕೂತು ಬೋರ್ಡ್ ಆಟಗಳನ್ನು ಆಡತೊಡಗಿದ ಮೇಲೆ, ಸುದ್ದಿಪತ್ರಕ್ಕೆ ಬರುವ ಪತ್ರಗಳಲ್ಲಿ ಹೊಸ ಬಗೆಯ ದೂರೊಂದು ಸೇರಿಕೊಂಡಿದೆ. ಆನ್‌ಲೈನ್ ದಾಳ ಮೋಸ ಮಾಡುತ್ತದೆ ಎಂಬುದು ಅದರ ಸಾರ. ಒಬ್ಬರಿಗೆ ಆರು ಬೀಳುವುದೇ ಇಲ್ಲ. ಇನ್ನೊಬ್ಬರಿಗೆ ಬೇಡವೆಂದಾಗಲೇ ಒಂದು ಬೀಳುತ್ತದೆ. ಮತ್ತೊಬ್ಬರ ಪ್ರಕಾರ ಆ ತಂತ್ರಾಂಶ ಆಟ ನಡೆಸಿಕೊಡುವವರಿಗೆ ಮಾತ್ರ ಒಲಿದಿದೆ. ಶಕುನಿಯ ಹೆಸರೂ ನಡುನಡುವೆ ಬಂದುಹೋಗುತ್ತದೆ. ಈ ದೂರನ್ನು ನಕ್ಕು ತಳ್ಳಿಹಾಕುವುದೂ ಸರಿಯಲ್ಲ, ಹಾಗೆಯೇ ನಂಬಿಬಿಡುವುದೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ಪರೀಕ್ಷಿಸಿ ನೋಡಲು ಸಾಧ್ಯವಿದೆ, ಮತ್ತು ಆ ಪರೀಕ್ಷೆಯನ್ನು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಡೆಸಿದರೆ ಸಂಭವನೀಯತೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ.

ಮೊದಲು ಆರು ಬೀಳದವರ ಸಂಕಟವನ್ನೇ ನೋಡೋಣ. ಒಂದು ಎಸೆತದಲ್ಲಿ ಆರು ಬೀಳದಿರುವ ಸಂಭವನೀಯತೆ ಆರರಲ್ಲಿ ಐದು. ಹತ್ತು ಎಸೆತಗಳಲ್ಲಿ ಒಮ್ಮೆಯೂ ಬೀಳದಿರಬೇಕಾದರೆ ಆ ಭಿನ್ನರಾಶಿಯನ್ನು ಹತ್ತು ಬಾರಿ ಗುಣಿಸಬೇಕು. ಉತ್ತರ ಸುಮಾರು ಶೇಕಡಾ 16. ಒಬ್ಬ ಆಟಗಾರನ ಮಟ್ಟಿಗೆ ಇದು ದುರದೃಷ್ಟವೇ ಹೌದು. ಆದರೆ ಐವರು ತಲಾ ಹತ್ತು ಬಾರಿ ಎಸೆಯುವ ಆಟದಲ್ಲಿ, ಅವರಲ್ಲಿ ಯಾರಾದರೊಬ್ಬರಿಗಾದರೂ ಆರು ಮುಖವನ್ನೇ ತೋರಿಸದಿರುವ ಸಂಭವನೀಯತೆ ಸುಮಾರು ಶೇಕಡಾ 59 ಆಗುತ್ತದೆ. ಅಂದರೆ ದಾಳ ಸಂಪೂರ್ಣ ಪ್ರಾಮಾಣಿಕವಾಗಿದ್ದರೂ, ಅರ್ಧಕ್ಕಿಂತ ಹೆಚ್ಚು ಸಂಜೆಗಳಲ್ಲಿ ಯಾರೋ ಒಬ್ಬರು ಮುನಿಸಿಕೊಂಡೇ ಆಟ ಮುಗಿಸಬೇಕಾಗುತ್ತದೆ. ಸುದ್ದಿಪತ್ರಕ್ಕೆ ಪತ್ರ ಬರೆಯುವವರು ಸಹಜವಾಗಿಯೇ ಆ ಒಬ್ಬರು. ಉಳಿದ ನಾಲ್ವರಿಗೆ ಬರೆಯುವ ಕಾರಣವೇ ಇರುವುದಿಲ್ಲ.

ಹಾಗೆಂದು ತಂತ್ರಾಂಶದ ದಾಳ ಪ್ರಶ್ನಾತೀತವೇನಲ್ಲ. ಗಣಕವು ಸಾಮಾನ್ಯವಾಗಿ ಒಂದು ಆರಂಭಿಕ ಸಂಖ್ಯೆಯನ್ನು ತೆಗೆದುಕೊಂಡು, ಅದರ ಮೇಲೆ ನಿಗದಿತ ಲೆಕ್ಕಗಳನ್ನು ಮಾಡುತ್ತ, ನೋಡುವವರಿಗೆ ಯಾವ ಕ್ರಮವೂ ಕಾಣದಂಥ ಸಂಖ್ಯೆಗಳ ಸಾಲನ್ನು ಹೊರಹಾಕುತ್ತದೆ. ಅದೇ ಆರಂಭಿಕ ಸಂಖ್ಯೆಯನ್ನು ಮತ್ತೆ ಕೊಟ್ಟರೆ ಅದೇ ಸಾಲು ಮತ್ತೆ ಬರುತ್ತದೆ, ಆದ್ದರಿಂದಲೇ ಇವನ್ನು ಹುಸಿ ಯಾದೃಚ್ಛಿಕ ಸಂಖ್ಯೆಗಳೆನ್ನುತ್ತಾರೆ. ಜಪಾನಿನ ಮಕೊಟೊ ಮತ್ಸುಮೊಟೊ ಮತ್ತು ತಕುಜಿ ನಿಶಿಮುರ 1997ರಲ್ಲಿ ರೂಪಿಸಿದ ಮರ್ಸೆನ್ ಟ್ವಿಸ್ಟರ್ ಎಂಬ ವಿಧಾನದಲ್ಲಿ ಒಂದು ಸಾಲು ಪುನರಾವರ್ತನೆಯಾಗುವ ಮುನ್ನ ಬರುವ ಸಂಖ್ಯೆಗಳ ಎಣಿಕೆಯನ್ನು ಬರೆಯಲು ಆರು ಸಾವಿರಕ್ಕೂ ಹೆಚ್ಚು ಅಂಕಿಗಳು ಬೇಕು. ನಮ್ಮ ವಾರಾಂತ್ಯದ ಆಟಕ್ಕೆ ಅಷ್ಟು ಧಾರಾಳ ಸಾಕು. ಲೆಕ್ಕದಿಂದ ಹುಟ್ಟಿದ ಸಂಖ್ಯೆ ಬೇಡವೆನ್ನುವವರಿಗೆ ವಾತಾವರಣದ ರೇಡಿಯೊ ಗದ್ದಲದಿಂದ ಸಂಖ್ಯೆಗಳನ್ನು ಹೆಕ್ಕಿಕೊಡುವ ರ‍್ಯಾಂಡಮ್ ಡಾಟ್ ಆರ್ಗ್ 1998ರಿಂದಲೂ ಇದೆ.

ತಪ್ಪು ನುಸುಳುವ ಜಾಗ ಬೇರೆಯೇ ಇದೆ. ಗಣಕವು ಸಂಖ್ಯೆಗಳನ್ನು ಇಟ್ಟುಕೊಳ್ಳುವ ಚಿಕ್ಕ ಘಟಕವಾದ ಒಂದು ಬೈಟ್‌ನಲ್ಲಿ 0ಯಿಂದ 255ರವರೆಗೆ ಒಟ್ಟು 256 ಸಂಖ್ಯೆಗಳು ಸಾಧ್ಯ. ಅವಸರದ ಪ್ರೋಗ್ರಾಮರ್ ಒಬ್ಬರು ಆ ಸಂಖ್ಯೆಯನ್ನು ಆರರಿಂದ ಭಾಗಿಸಿ, ಉಳಿದ ಶೇಷಕ್ಕೆ ಒಂದು ಕೂಡಿಸಿ, ಅದನ್ನೇ ದಾಳದ ಮುಖವೆಂದು ತೋರಿಸುತ್ತಾರೆ ಎಂದಿಟ್ಟುಕೊಳ್ಳಿ. 256 ಆರರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ. 42 ಸುತ್ತುಗಳಾದ ಮೇಲೆ ನಾಲ್ಕು ಸಂಖ್ಯೆಗಳು ಉಳಿಯುತ್ತವೆ. ಪರಿಣಾಮವಾಗಿ ಒಂದರಿಂದ ನಾಲ್ಕರವರೆಗಿನ ಮುಖಗಳಿಗೆ ತಲಾ 43 ಅವಕಾಶಗಳೂ ಐದು ಮತ್ತು ಆರಕ್ಕೆ ತಲಾ 42 ಅವಕಾಶಗಳೂ ಸಿಗುತ್ತವೆ. ಆರು ಬೀಳುವ ಸಂಭವನೀಯತೆ ಶೇಕಡಾ 16.67ರ ಬದಲು 16.41ಕ್ಕೆ ಇಳಿಯುತ್ತದೆ. ಪರಿಹಾರ ಸುಲಭ: 252ರಿಂದ 255ರವರೆಗಿನ ಸಂಖ್ಯೆ ಬಂದರೆ ಅದನ್ನು ಬಿಸುಟು ಮತ್ತೊಂದನ್ನು ಪಡೆದರಾಯಿತು. ಇಂಥ ದೋಷ ಒಂದು ಸಂಜೆಯ ಆಟದಲ್ಲಿ ಯಾರ ಕಣ್ಣಿಗೂ ಬೀಳದಷ್ಟು ಚಿಕ್ಕದು ಎಂಬುದನ್ನು ದೂರುದಾರರು ಗಮನಿಸಬೇಕು. ನಿಮಗೆ ಕಣ್ಣಾರೆ ಕಂಡ ಅನ್ಯಾಯಕ್ಕೆ ಇದು ಕಾರಣವಾಗಿರಲು ಸಾಧ್ಯವೇ ಇಲ್ಲ.

ಅನುಮಾನಿಸಲೇಬೇಕಿದ್ದರೆ ಕೈಯಲ್ಲಿ ಹಿಡಿಯುವ ದಾಳವನ್ನು ಇನ್ನೂ ಹೆಚ್ಚು ಅನುಮಾನಿಸಬೇಕು. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ವೆಲ್ಡನ್ ಅವರು 1894ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಹನ್ನೆರಡು ದಾಳಗಳನ್ನು 26,306 ಬಾರಿ ಎಸೆಯಲಾಗಿತ್ತು. ಐದು ಅಥವಾ ಆರು ಬೀಳುವುದು ಮೂರರಲ್ಲಿ ಒಂದು ಪಾಲು, ಅಂದರೆ ಶೇಕಡಾ 33.33 ಇರಬೇಕಿತ್ತು, ಬಂದದ್ದು ಶೇಕಡಾ 33.77. ನೋಡಲು ಅತ್ಯಲ್ಪವೆನಿಸುವ ಈ ವ್ಯತ್ಯಾಸ ಮೂರು ಲಕ್ಷಕ್ಕೂ ಹೆಚ್ಚು ಗರಗಳಲ್ಲಿ ಆಕಸ್ಮಿಕವಾಗಿರಲು ಸಾಧ್ಯವಿಲ್ಲವೆಂದು ಕಾರ್ಲ್ ಪಿಯರ್ಸನ್ 1900ರಲ್ಲಿ ಬಂದ ಎಣಿಕೆ ನಿರೀಕ್ಷಿತ ಎಣಿಕೆಯಿಂದ ಎಷ್ಟು ಸರಿದಿದೆ ಎಂದು ಅಳೆಯುವ ತಮ್ಮ ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆಯನ್ನು ಪ್ರಕಟಿಸಿದಾಗ ತೋರಿಸಿಕೊಟ್ಟರು. ಮುಖಗಳ ಮೇಲೆ ಕೊರೆದ ಕುಳಿಗಳಿಂದ ಆರರ ಬದಿ ಹಗುರಾಗಿ ಒಂದರ ಬದಿ ಭಾರವಾಗುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. 2009ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಒಂದು ಯಂತ್ರದಿಂದ ಅಷ್ಟೇ ಬಾರಿ ದಾಳಗಳನ್ನು ಎಸೆಸಿ ಚಿತ್ರ ತೆಗೆದು ಎಣಿಸಿದಾಗ, ಹೆಚ್ಚಾಗಿ ಬಿದ್ದದ್ದು ಒಂದು ಮತ್ತು ಆರು. ಆ ದಾಳಗಳು ಒಂದು–ಆರರ ದಿಕ್ಕಿನಲ್ಲಿ ಕೊಂಚ ಗಿಡ್ಡವಾಗಿದ್ದವು. ಕ್ಯಾಸಿನೊಗಳಲ್ಲಿ ಕುಳಿಗಳನ್ನು ದಾಳದಷ್ಟೇ ಸಾಂದ್ರತೆಯ ವಸ್ತುವಿನಿಂದ ತುಂಬಿ ಮುಖಗಳನ್ನು ಸಮತಟ್ಟಾಗಿಸುವುದು ಸುಮ್ಮನೆ ಅಲ್ಲ.

ಪಿಯರ್ಸನ್ ಅವರ ಪರೀಕ್ಷೆಯನ್ನು ಪ್ರೌಢಶಾಲೆಯ ಮಕ್ಕಳೂ ಮಾಡಬಲ್ಲರು. ಆನ್‌ಲೈನ್ ದಾಳವನ್ನು 600 ಬಾರಿ ಉರುಳಿಸಿದಾಗ ಒಂದರಿಂದ ಆರರವರೆಗಿನ ಮುಖಗಳು ಕ್ರಮವಾಗಿ 92, 108, 97, 111, 88, 104 ಬಾರಿ ಬಂದವು ಎಂದುಕೊಳ್ಳೋಣ. ಪ್ರತಿಯೊಂದೂ 100 ಬರಬೇಕಿತ್ತು. ಪ್ರತಿ ವ್ಯತ್ಯಾಸವನ್ನು ವರ್ಗ ಮಾಡಿ, ಕೂಡಿಸಿ, 100ರಿಂದ ಭಾಗಿಸಿದರೆ 4.18 ಬರುತ್ತದೆ. ಆರು ಮುಖದ ದಾಳಕ್ಕೆ ಈ ಸಂಖ್ಯೆ 11.07 ದಾಟಿದರೆ ಮಾತ್ರ ಹುಬ್ಬೇರಿಸಬೇಕು, ಏಕೆಂದರೆ ನ್ಯಾಯವಾದ ದಾಳ ಸರಾಸರಿ ಇಪ್ಪತ್ತು ಪರೀಕ್ಷೆಗಳಲ್ಲಿ ಒಂದು ಬಾರಿ ಮಾತ್ರ ಆ ಗೆರೆಯನ್ನು ದಾಟುತ್ತದೆ. ನಾಲ್ಕು 111 ಬಾರಿ ಬಂದು ಐದು 88 ಬಾರಿ ಮಾತ್ರ ಬಂದದ್ದನ್ನು ಕಂಡು ಸಿಡಿಮಿಡಿಗೊಳ್ಳುವವರು ಈ 4.18ನ್ನು ನೋಡಿ ಸಮಾಧಾನ ತಂದುಕೊಳ್ಳಬೇಕಾಗುತ್ತದೆ. ಆರೂ ಮುಖಗಳು ಸರಿಯಾಗಿ ನೂರು ನೂರೇ ಬಂದಿದ್ದರೆ ನಾನು ಆ ತಂತ್ರಾಂಶವನ್ನು ಹೆಚ್ಚು ಅನುಮಾನಿಸುತ್ತಿದ್ದೆ.

ಇಲ್ಲಿಯೇ ಮತ್ತೊಂದು ಬಲವಾದ ತಪ್ಪು ತಿಳಿವಳಿಕೆಯನ್ನು ಕೆಣಕಬಹುದು. ಬಹಳ ಹೊತ್ತಿನಿಂದ ಬೀಳದ ಗರ ಇನ್ನು ಬೀಳಲೇಬೇಕು, ದಾಳ ತನ್ನ ಬಾಕಿಯನ್ನು ತೀರಿಸುತ್ತದೆ ಎಂದು ಬಹುಮಂದಿ ನಂಬುತ್ತಾರೆ. ಎಸೆತಗಳು ಹೆಚ್ಚಿದಂತೆ ಒಂದು ಗರ ಬೀಳುವ ಪಾಲು ಅದರ ಸಂಭವನೀಯತೆಗೆ ಹತ್ತಿರವಾಗುತ್ತದೆ ಎನ್ನುವ, ಗಣಿತಜ್ಞ ಯಾಕೋಬ್ ಬರ್ನೂಲಿಯ ಮರಣಾನಂತರ 1713ರಲ್ಲಿ ಪ್ರಕಟವಾದ ಬೃಹತ್ ಸಂಖ್ಯೆಗಳ ನಿಯಮವನ್ನೂ ಹೀಗೆಯೇ ಅರ್ಥಮಾಡಿಕೊಳ್ಳುವವರಿದ್ದಾರೆ. ವಾಸ್ತವದಲ್ಲಿ 60 ಎಸೆತಗಳಲ್ಲಿ ಆರು ಬೀಳುವ ಎಣಿಕೆ ಹತ್ತರ ಆಚೀಚೆ ಮಾಮೂಲಾಗಿ ಮೂರರಷ್ಟು ಸರಿದಾಡಿದರೆ, 6,000 ಎಸೆತಗಳಲ್ಲಿ ಅದು ಸಾವಿರದ ಆಚೀಚೆ 29ರಷ್ಟು ಸರಿದಾಡುತ್ತದೆ. ಎಣಿಕೆಯ ಅಂತರ ಬೆಳೆಯುತ್ತದೆ; ಒಟ್ಟು ಎಸೆತಗಳಿಗೆ ಹೋಲಿಸಿದಾಗ ಮಾತ್ರ ಅದು ಶೇಕಡಾ 4.8ರಿಂದ 0.48ಕ್ಕೆ ಕುಗ್ಗುತ್ತದೆ. ಹಳೆಯ ಬಾಕಿಯನ್ನು ಯಾರೂ ತೀರಿಸುವುದಿಲ್ಲ, ಹೊಸ ಎಸೆತಗಳ ರಾಶಿಯಲ್ಲಿ ಅದು ಮುಳುಗಿಹೋಗುತ್ತದೆ ಅಷ್ಟೆ. ಈ ಸಂಗತಿಯನ್ನು ಮಾತಿನಲ್ಲಿ ಒಪ್ಪಿಸುವುದು ದುಸ್ತರ. ಗುಂಡಿ ಒತ್ತಿದೊಡನೆ ಆರು ಸಾವಿರ ಬಾರಿ ಉರುಳುವ ದಾಳವಿದ್ದರೆ ಎರಡು ನಿಮಿಷದ ಕೆಲಸ.

ಮಕ್ಕಳಿಗೆ ಕಲಿಸುವಾಗ ನಾನು ಆನ್‌ಲೈನ್ ದಾಳದ ಪರವಾಗಿ ನಿಲ್ಲುವುದು ಈ ವೇಗದ ಕಾರಣಕ್ಕೆ. ಮೂರು ದಾಳಗಳ ಮೊತ್ತ ಒಂಬತ್ತು ಆಗುವ ಜೋಡಣೆಗಳು ಆರು, ಹತ್ತು ಆಗುವ ಜೋಡಣೆಗಳೂ ಆರು. ಹಾಗಿದ್ದೂ ಹತ್ತು ಏಕೆ ಹೆಚ್ಚು ಬೀಳುತ್ತದೆ ಎಂಬ ಪ್ರಶ್ನೆಯನ್ನು ಜೂಜುಪ್ರಿಯರು ಗೆಲಿಲಿಯೊನ ಮುಂದೆ ಇಟ್ಟಿದ್ದರು. ಒಂದು, ಎರಡು, ಆರು ಎಂಬ ಜೋಡಣೆ ಮೂರು ದಾಳಗಳಲ್ಲಿ ಆರು ವಿಧವಾಗಿ ಬೀಳಬಹುದು, ಮೂರು–ಮೂರು–ಮೂರು ಮಾತ್ರ ಒಂದೇ ವಿಧವಾಗಿ ಬೀಳುತ್ತದೆ ಎಂದು ಗೆಲಿಲಿಯೊ ವಿವರಿಸಿದ. ಹಾಗೆ ಎಣಿಸಿದರೆ ಒಟ್ಟು 216 ವಿಧಗಳಲ್ಲಿ ಒಂಬತ್ತಕ್ಕೆ 25, ಹತ್ತಕ್ಕೆ 27. ವ್ಯತ್ಯಾಸ ಶೇಕಡಾ ಒಂದಕ್ಕೂ ಕಡಿಮೆ. ಸಾವಿರ ಎಸೆತಗಳಲ್ಲಿ ಹತ್ತು ಸರಾಸರಿ ಒಂಬತ್ತು ಬಾರಿಯಷ್ಟೇ ಮುಂದಿರುತ್ತದೆ, ಆದರೆ ಆ ಅಂತರದ ಮಾಮೂಲು ಏರಿಳಿತವೇ ಹದಿನೈದರಷ್ಟಿರುವುದರಿಂದ ಅನೇಕ ಸಲ ಒಂಬತ್ತೇ ಮುಂದಿರುತ್ತದೆ. ಲಕ್ಷ ಎಸೆತಗಳಿಗೆ ಹೋದಾಗ ಮುನ್ನಡೆ ಒಂಬೈನೂರು ದಾಟುತ್ತದೆ, ಏರಿಳಿತ ನೂರೈವತ್ತರ ಆಸುಪಾಸಿನಲ್ಲಿಯೇ ಉಳಿಯುತ್ತದೆ, ಆಗ ಅನುಮಾನಕ್ಕೆ ಎಡೆಯಿರುವುದಿಲ್ಲ. ಬರಿಗಣ್ಣಿನಿಂದ ಇದನ್ನು ಪತ್ತೆಹಚ್ಚಿದ ಆ ಜೂಜುಗಾರರು ಎಷ್ಟು ಕಾಲ ದಾಳದ ಮುಂದೆ ಕೂತಿರಬೇಕು ಎಂದು ಯೋಚಿಸಿದರೆ ದಿಗಿಲಾಗುತ್ತದೆ.

ಆದರೆ ಈ ವೇಗಕ್ಕೆ ಒಂದು ಕೆಟ್ಟ ಮಗ್ಗುಲೂ ಇದೆ. ಗುಂಡಿ ಒತ್ತಿದ ಕೂಡಲೇ ಸ್ತಂಭಾಲೇಖ ಮೂಡಿದರೆ ಮಗು ಅದನ್ನು ನೋಡುತ್ತದೆ, ಹೌದೆನ್ನುತ್ತದೆ, ಮುಂದಿನ ಪುಟಕ್ಕೆ ಹೋಗುತ್ತದೆ. ಕಲಿತದ್ದು ಏನೂ ಇರುವುದಿಲ್ಲ. ಆದ್ದರಿಂದ ಉರುಳಿಸುವ ಮುನ್ನ ಊಹೆಯನ್ನು ಕಾಗದದ ಮೇಲೆ ಬರೆಸಬೇಕು. ಎರಡು ದಾಳಗಳ ಮೊತ್ತ ಎರಡರಿಂದ ಹನ್ನೆರಡರವರೆಗೆ ಹನ್ನೊಂದು ಬಗೆಯಾಗಿರುವುದರಿಂದ ಎಲ್ಲವೂ ಸಮನಾಗಿ ಬೀಳುತ್ತವೆ ಎಂದು ಬರೆದ ಮಗುವಿಗೆ, ಏಳು 36ರಲ್ಲಿ ಆರು ಪಾಲು ಪಡೆದು ಹನ್ನೆರಡು ಒಂದೇ ಪಾಲಿನಲ್ಲಿ ನಿಂತಿರುವ ಆಲೇಖ ನಿಜವಾದ ಪ್ರಶ್ನೆಯಾಗಿ ಕಾಡುತ್ತದೆ. ಮೊದಲ ಮೂವತ್ತೋ ನಲವತ್ತೋ ಎಸೆತಗಳನ್ನು ಕೈಯಿಂದಲೇ ಎಸೆಸಿ ಗೀಟು ಹಾಕಿಸುವುದೂ ಒಳ್ಳೆಯದು. ಬೇಸರ ಬಂದಾಗ ಗಣಕಕ್ಕೆ ವಹಿಸಿದರೆ ಅದರ ಬೆಲೆ ತಿಳಿಯುತ್ತದೆ.

ಆಟಗಳನ್ನು ರೂಪಿಸಿದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. 1995ರಲ್ಲಿ ಬಂದ ಕ್ಲಾಸ್ ಟಾಯ್ಬರ್ ಅವರ ಕಟಾನ್ ಆಟದ ಬಿಲ್ಲೆಗಳಲ್ಲಿ ಸಂಖ್ಯೆಯ ಕೆಳಗೆ ಪುಟ್ಟ ಚುಕ್ಕೆಗಳಿರುತ್ತವೆ. ಆರು ಮತ್ತು ಎಂಟರ ಕೆಳಗೆ ಐದು, ಎರಡು ಮತ್ತು ಹನ್ನೆರಡರ ಕೆಳಗೆ ಒಂದು. ಅವು ಅಲಂಕಾರವಲ್ಲ, 36ರಲ್ಲಿ ಆ ಮೊತ್ತಕ್ಕಿರುವ ಪಾಲು. 1974ರಲ್ಲಿ ಆರಂಭವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಇಪ್ಪತ್ತು ಮುಖದ ದಾಳದ ಪ್ರತಿ ಮುಖಕ್ಕೂ ಶೇಕಡಾ ಐದರ ಪಾಲಿದೆ. ಅದರ 2014ರ ಐದನೆಯ ಆವೃತ್ತಿಯಲ್ಲಿ ಅನುಕೂಲ ಪರಿಸ್ಥಿತಿಯಲ್ಲಿರುವ ಆಟಗಾರ ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳುತ್ತಾನೆ. ಹನ್ನೊಂದು ಅಥವಾ ಹೆಚ್ಚು ಬೇಕಾದಾಗ ಈ ನಿಯಮ ಶೇಕಡಾ 50ನ್ನು 75ಕ್ಕೆ ಏರಿಸುತ್ತದೆ. ಇಪ್ಪತ್ತೇ ಬೇಕಾದಾಗ ಶೇಕಡಾ 5ನ್ನು 9.75ಕ್ಕೆ ಮಾತ್ರ. ಒಂದೇ ನಿಯಮ ಎಲ್ಲಿ ಎಷ್ಟು ನೆರವಾಗುತ್ತದೆ ಎಂಬುದನ್ನು ಬಲ್ಲವರು ಅದನ್ನು ಎಲ್ಲಿ ಖರ್ಚು ಮಾಡಬೇಕೆಂಬುದನ್ನೂ ಬಲ್ಲರು.

ಪರದೆಯ ಮೇಲಿನ ಆಟಗಳಿಗೆ ನನ್ನದೊಂದೇ ಬೇಡಿಕೆ: ಒಬ್ಬರು ಉರುಳಿಸಿದ ಗರ ಅದೇ ಕ್ಷಣದಲ್ಲಿ ಎಲ್ಲರಿಗೂ ಕಾಣುವಂಥ, ಹಿಂದಿನ ಗರಗಳ ಪಟ್ಟಿ ಉಳಿಯುವಂಥ ದಾಳವನ್ನೇ ಬಳಸಿ. ತಮ್ಮ ಫೋನಿನಲ್ಲಿ ಉರುಳಿಸಿ ಬಾಯಲ್ಲಿ ಸಂಖ್ಯೆ ಹೇಳುವ ಪದ್ಧತಿಯಿಂದ ಹುಟ್ಟುವ ಜಗಳವನ್ನು ಯಾವ ಗಣಿತವೂ ಬಗೆಹರಿಸದು. ಆ ಪಟ್ಟಿಯಿದ್ದರೆ ಮೇಲೆ ಹೇಳಿದ ಪರೀಕ್ಷೆಗೂ ಸಾಮಗ್ರಿ ಸಿಕ್ಕಂತಾಯಿತು.

ಅನೇಕ ಆನ್‌ಲೈನ್ ದಾಳಗಳಲ್ಲಿ ಮುಖಗಳ ಸಂಖ್ಯೆಗಳನ್ನು ನಾವೇ ಬರೆದುಕೊಳ್ಳಬಹುದು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಬ್ರಾಡ್ಲಿ ಎಫ್ರನ್ ಕಲ್ಪಿಸಿದ ನಾಲ್ಕು ದಾಳಗಳನ್ನು ಅದರಲ್ಲಿ ಮಾಡಿ ನೋಡಿ. ಮೊದಲನೆಯದರಲ್ಲಿ ನಾಲ್ಕು ನಾಲ್ಕುಗಳು, ಎರಡು ಸೊನ್ನೆಗಳು. ಎರಡನೆಯದರಲ್ಲಿ ಆರೂ ಮುಖಗಳಲ್ಲಿ ಮೂರು. ಮೂರನೆಯದರಲ್ಲಿ ಎರಡು ಆರುಗಳು, ನಾಲ್ಕು ಎರಡುಗಳು. ನಾಲ್ಕನೆಯದರಲ್ಲಿ ಮೂರು ಐದುಗಳು, ಮೂರು ಒಂದುಗಳು. ಮೊದಲನೆಯದು ಎರಡನೆಯದನ್ನೂ, ಎರಡನೆಯದು ಮೂರನೆಯದನ್ನೂ, ಮೂರನೆಯದು ನಾಲ್ಕನೆಯದನ್ನೂ, ನಾಲ್ಕನೆಯದು ಮತ್ತೆ ಮೊದಲನೆಯದನ್ನೂ ಮೂರರಲ್ಲಿ ಎರಡು ಪಾಲು ಸಲ ಸೋಲಿಸುತ್ತವೆ. ಎದುರಾಳಿಗೆ ಮೊದಲು ಆರಿಸಿಕೊಳ್ಳಲು ಬಿಡುವ ಸೌಜನ್ಯ ಇಲ್ಲಿ ಲಾಭದಾಯಕ. ಇದು ಏಕೆ ಹೀಗೆ ಎಂಬ ಲೆಕ್ಕವನ್ನೂ ಹತ್ತು ಸಾವಿರ ಎಸೆತಗಳ ಫಲಿತಾಂಶವನ್ನೂ ಬರೆದು ಕಳುಹಿಸುವ ಕಿರಿಯರ ಬರಹಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಫಲಿತಾಂಶ ಮಾತ್ರ ಕಳುಹಿಸಿದರೆ ಸಾಲದು, ಲೆಕ್ಕವೂ ಜೊತೆಗಿರಲಿ.