ಕೂಗಿದರೆ ಓ ಅನ್ನುವವರು ಬೇಕು

ಪ್ರೀತಿಯ ಗೆಳೆಯಾ,

ನಿನ್ನ ಮಗಳ ಪ್ರಶ್ನೆ ಚೆನ್ನಾಗಿದೆ ಕಣೋ. ಕೋಳಿ ಕೂಗುತ್ತದೆ, ಕುಕ್ಕರ್ ಕೂಗುತ್ತದೆ, ಅಜ್ಜಿ ಚೀಟಿ ಕೂಗುತ್ತಾರೆ, ಅಪ್ಪ ಮಾತ್ರ ಕೂಗಾಡುತ್ತಾರೆ. ಇದೆಲ್ಲ ಒಂದೇನಾ? ಫೋನಿನಲ್ಲಿ ನಾನು "ಹೂಂ, ಒಂದೇ" ಅಂದು ಸುಮ್ಮನಾದೆ. ಆದರೆ ಅಷ್ಟಕ್ಕೇ ಬಿಡುವ ಪದ ಅಲ್ಲ ಅದು.

ಮೊದಲು ಹುಟ್ಟಿನ ವಿಚಾರ. ಕೂಗು ಅಚ್ಚ ನಮ್ಮದೇ ಪದ. 'ಕೂ' ಅನ್ನುವ ಸದ್ದೇ ಅದರ ಬೇರು. ನೆರೆಯವರಲ್ಲೂ ಇದರ ನೆಂಟರಿದ್ದಾರೆ: ತಮಿಳಿನಲ್ಲಿ ಕೂವು, ತೆಲುಗಿನಲ್ಲಿ ಕೂಯು. ಸಿನಿಮಾ ಹಿಡಿಸದಿದ್ದರೆ ಮಲಯಾಳಿಗಳು ಥಿಯೇಟರಿನಲ್ಲೇ 'ಕೂವು'ತ್ತಾರೆ. ಮಲೆನಾಡಿನ ಅಡಿಕೆ ತೋಟಗಳಲ್ಲಂತೂ ಆ ಬೇರು ಇನ್ನೂ ಹಸಿಯಾಗಿದೆ. ತೋಟದ ಆ ಕೊನೆಯಲ್ಲಿ ಇರುವವರನ್ನು ಊಟಕ್ಕೆ ಕರೆಯಬೇಕು ಅಂದುಕೋ. ಹೆಸರು ಹಿಡಿದು ಕರೆದರೆ ಅಕ್ಷರಗಳು ಅರ್ಧ ದಾರಿಯಲ್ಲೇ ಕರಗಿಹೋಗುತ್ತವೆ. ಅದಕ್ಕೆ ಬಾಯಿಯ ಎರಡೂ ಪಕ್ಕ ಕೈ ಹಿಡಿದು 'ಕೂ...' ಅಂತ ಎಳೆಯುತ್ತಾರೆ. ಆ ಕಡೆಯಿಂದಲೂ ಒಂದು 'ಕೂ' ಬಂದರೆ ಕೆಲಸ ಆಯ್ತು. ಇದಕ್ಕೆ 'ಕೂ ಹಾಕೋದು' ಅಂತಲೇ ಹೆಸರು.

ನನ್ನ ಲೆಕ್ಕದಲ್ಲಿ ಪದದ ಗುಟ್ಟು ಇರುವುದು ಇಲ್ಲೇ. ಕಿರುಚುವುದಕ್ಕೆ, ಚೀರುವುದಕ್ಕೆ ಎದುರಿಗೆ ಯಾರೂ ಬೇಕಿಲ್ಲ, ಜಿರಳೆ ಕಂಡರೆ ಸಾಕು. ಕೂಗುವುದಕ್ಕೆ ಆ ತುದಿಯಲ್ಲಿ ಕೇಳುವ ಕಿವಿ ಬೇಕು. ಕುಕ್ಕರ್ ಕೂಡ ಮೂರು ಸಲ ಕೂಗಿ, ಒಲೆ ಆರಿಸಿ ಅಂತ ಯಾರನ್ನೋ ಕರೆಯುತ್ತಿರುತ್ತದೆ ಅಲ್ವಾ?

ದೂರ ಅಳೆಯುವುದಕ್ಕೂ ಕೂಗು ಬಂದದ್ದು ಹೀಗೇ. 'ನಮ್ಮ ಮನೆ ಇಲ್ಲೇ ಕೂಗಳತೆಯಲ್ಲಿದೆ' ಅನ್ನುತ್ತೇವೆ. ಕಿರುಚಳತೆ ಅಂತ ಯಾರಾದರೂ ಅಂದದ್ದು ಕೇಳಿದ್ದೀಯಾ? ಸಂಸ್ಕೃತದಲ್ಲೂ ಇದೇ ಕಥೆ. ಕ್ರೋಶ ಅಂದರೆ ಕೂಗು, ಕೂಗು ಕೇಳಿಸುವಷ್ಟು ದೂರವೂ ಹೌದು. ಹಿಂದಿಯಲ್ಲಿ ದೂರದ ಅಳತೆಯಾದ ಕೋಸ್ ಬಂದದ್ದು ಅದರಿಂದಲೇ. ಮೊಗಲರು ಹೆದ್ದಾರಿ ಪಕ್ಕ ಕೋಸಿಗೊಂದರಂತೆ ಕಟ್ಟಿಸಿದ ಕೋಸ್ ಮಿನಾರ್‌ಗಳು ಹರಿಯಾಣದ ಕಡೆ ಈಗಲೂ ನಿಂತಿವೆ. ಒಂದರಿಂದ ಇನ್ನೊಂದಕ್ಕೆ ಸುಮಾರು 3 ಕಿಲೋಮೀಟರ್. ಅಷ್ಟು ದೂರ ಮುಟ್ಟುವ ಗಂಟಲು ಯಾರದಿತ್ತೋ ಮಾರಾಯ! ಪೇಪರಿನವರು ದಿನಾ ಬರೆಯುವ 'ಆಕ್ರೋಶ'ವೂ ಇದೇ ಮನೆತನದ್ದು.

ಇನ್ನು ಅಜ್ಜಿಯ ಚೀಟಿ. ನಮ್ಮ ಬೀದಿಯ ಚೀಟಿಯಲ್ಲಿ ನೋಡಿದ್ದೇನೆ, ಅಲ್ಲಿ ಯಾರೂ ದನಿ ಎತ್ತುವುದೇ ಇಲ್ಲ. ಕಾಫಿ ಲೋಟ ಹಿಡಿದುಕೊಂಡು ಒಬ್ಬರು ಮೆಲ್ಲಗೆ "ಎಂಟು ಸಾವಿರ" ಅನ್ನುತ್ತಾರೆ. ಇನ್ನೊಬ್ಬರು ಸ್ವಲ್ಪ ಯೋಚಿಸಿ "ಎಂಟೂವರೆ" ಅನ್ನುತ್ತಾರೆ. ದುಡ್ಡಿನ ಅಗತ್ಯ ಜಾಸ್ತಿ ಇರುವವರು ಜಾಸ್ತಿ ಬಿಟ್ಟುಕೊಟ್ಟು ಎತ್ತಿಕೊಳ್ಳುತ್ತಾರೆ. ಈಗ ಎಷ್ಟೋ ಕಡೆ ವಾಟ್ಸಾಪಿನಲ್ಲಿ ಅಂಕಿ ಒತ್ತಿದರೆ ಮುಗೀತು. ಆದರೂ ಮಾರನೇ ದಿನ ಕೇಳುವುದು "ಎಷ್ಟಕ್ಕೆ ಕೂಗಿದೆ?" ಅಂತಲೇ. ನಾಲ್ಕು ಜನ ಕೇಳುವ ಹಾಗೆ ಮಾತು ಮುಂದಿಟ್ಟರೆ ಆಯ್ತು, ಅದು ಕೂಗೇ. 'ಪ್ರತ್ಯೇಕ ರಾಜ್ಯದ ಕೂಗು' ಅಂತ ಹೆಡ್‌ಲೈನ್ ಬರುವುದೂ ಹೀಗೇ.

ಕೂಗಿಗೆ ಜೋಡಿ 'ಓ'. ಕರೆದಾಗ ಓ ಅನ್ನುವುದೇ ಓಗೊಡುವುದು. ಕೂಗುಮಾರಿಯ ಭಯವೂ ಇದರಲ್ಲೇ ಇದೆ, ಗಮನಿಸಿದ್ದೀಯಾ? ಅವಳು ರಾತ್ರಿ ಹೊತ್ತು ಗುರುತಿನವರ ದನಿಯಲ್ಲಿ ಹೆಸರು ಹಿಡಿದು ಕೂಗುತ್ತಾಳಂತೆ. ಬರೀ ಕೂಗಿದರೆ ಏನೂ ಆಗುವುದಿಲ್ಲ. ಓ ಅಂದೆಯೋ, ಕಥೆ ಮುಗೀತು! ಅದಕ್ಕೇ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದದ್ದು. 1990ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲೂ ಆ ಬರಹ ಇತ್ತು.

ನಿನ್ನ ಕೂಗಾಟಕ್ಕೆ ಬರೋಣ. 'ಆಡು' ಸೇರಿದ ತಕ್ಷಣ ದಿಕ್ಕು ತಪ್ಪುತ್ತದೆ. ಓಡುವವನು ಎಲ್ಲಿಗೋ ಹೋಗುತ್ತಾನೆ, ಓಡಾಡುವವನು ಅಲ್ಲಲ್ಲೇ ಸುತ್ತುತ್ತಾನೆ. ಹಾರು, ಹಾರಾಡು, ತೂರು, ತೂರಾಡು. ಹಾಗೇ ಕೂಗು ನೆಟ್ಟಗೆ ಒಬ್ಬರಿಗೆ ಮುಟ್ಟುತ್ತದೆ, ಕೂಗಾಟ ಮನೆಯೆಲ್ಲ ಸುತ್ತಿ ಯಾರಿಗೂ ಮುಟ್ಟುವುದಿಲ್ಲ. ಮಗಳಿಗೆ ಇದನ್ನು ನೀನೇ ಹೇಳ್ತೀಯೋ, ನಾನು ಹೇಳಲೋ?

'ಒದರು' ಬಗ್ಗೆಯೂ ಕೇಳಿದ್ದಳು. ನಮ್ಮ ಕಡೆ ಬಟ್ಟೆಯ ಧೂಳು ಒದರುತ್ತೇವೆ. ಧಾರವಾಡದಲ್ಲಿ "ಯಾಕ ಒದರಾಕತ್ತೀ?" ಅಂದರೆ ಬೇರೆಯೇ ಮಾತು, ಯಾಕೆ ಕೂಗಾಡುತ್ತೀ ಅಂತ. ಅದನ್ನು ನಿನ್ನ ಹೆಂಡತಿಯ ತವರಿನವರಿಗೇ ಬಿಡುತ್ತೇನೆ.

ನಿನ್ನ ಗೆಳೆಯ