ಭಾನುವಾರದ ಓದು: ಕೊರಿಯಾ ಯುದ್ಧದ ದಿನದ ವರದಿಗಳು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಆನ್‌ಲೈನ್‌ನಲ್ಲಿ ಸೇರೋಣ. 1950ರ ಜೂನ್ ಕೊನೆಯ ವಾರದ ಅಮೆರಿಕನ್ ಸೇನಾ ವರದಿಗಳನ್ನು ಒಂದೊಂದು ದಿನದ್ದಾಗಿ ಓದುತ್ತೇವೆ. ಭಾಗ ಹಂಚಿಕೊಂಡವರು ಶುಕ್ರವಾರದೊಳಗೆ ಅರ್ಧ ಪುಟದ ಟಿಪ್ಪಣಿ ಇಲ್ಲೇ ಹಾಕಿ.

ತಾರೀಕಿನ ಬಗ್ಗೆ ಮಾತ್ರ ದಯವಿಟ್ಟು ಎಚ್ಚರ. ದಕ್ಷಿಣ ಕೊರಿಯಾದ ಮೇಲೆ ಉತ್ತರ ಕೊರಿಯಾದ ದಾಳಿ ಶುರುವಾದಾಗ ಅಲ್ಲಿ ಜೂನ್ 25, ಭಾನುವಾರ ನಸುಕು. ವಾಷಿಂಗ್ಟನ್‌ನಲ್ಲಿ ಇನ್ನೂ 24, ಶನಿವಾರ! ಸಮಯದ ಪಕ್ಕ ‘ಝಡ್’ ಇದ್ದರೆ ಗ್ರೀನಿಚ್ ಸಮಯ, ‘ಐ’ ಇದ್ದರೆ ಅದಕ್ಕಿಂತ 9 ಗಂಟೆ ಮುಂದೆ. ಇದನ್ನು ನೋಡದಿದ್ದರೆ 28ಕ್ಕೆ ದಕ್ಷಿಣದ ರಾಜಧಾನಿ ಸಿಯೋಲ್ ಕೈತಪ್ಪಿದ ಸುದ್ದಿ ಒಂದು ದಿನ ಹಿಂದೆಮುಂದೆ ಆಗಿಬಿಡುತ್ತದೆ. ಅದಕ್ಕೇ ಎಲ್ಲರೂ ಕೊರಿಯಾದ ತಾರೀಕನ್ನೇ ಬರೆಯಿರಿ.

ಸಾವುನೋವಿನ ಅಂಕಿಗಳನ್ನು ವರದಿಯಲ್ಲಿದ್ದ ಹಾಗೇ ಇಡಿ. ಎದುರು ಪಕ್ಷದ ಸಾವುನೋವಿನ ಲೆಕ್ಕ ಹೆಚ್ಚಾಗಿ ಬರೀ ಅಂದಾಜಿನದ್ದು, ಸುಮ್ನೆ ಕೂಡಿಸಬೇಡಿ. ಅವು ಬರೀ ಅಂಕಿಗಳಲ್ಲ, ಮನುಷ್ಯರು ಅಲ್ವಾ?

ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಅಲ್ಲಿನ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿದ್ದರು. ಆ ಭಾಗ ಮುಂದಿನ ತಿಂಗಳಿಗೆ ಇರಲಿ, ಅದಕ್ಕೆ ಒಂದಿಡೀ ಸಂಜೆ ಬೇಕು.

ಬರುವವರು ನಾಳೆ ರಾತ್ರಿಯೊಳಗೆ ಇಲ್ಲಿ ಹೆಸರು ಹಾಕಿ. ಆಗದವರೂ ತಿಳಿಸಿ, ನಿಮ್ಮ ಭಾಗವನ್ನು ಬೇರೆಯವರಿಗೆ ಕೊಡುತ್ತೇನೆ.